ಕೆಪ್ಲರ್ ಮತ್ತು ಅವರ ಮೇಷ್ಟ್ರು

ಜೊಹಾನೆಸ್ ಕೆಪ್ಲರ್ 1571ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. ಕೂಲಿ ಸೈನಿಕರಾಗಿದ್ದ ತಂದೆ ಮನೆ ಬಿಟ್ಟವರು ಮರಳಲಿಲ್ಲ. ಸಿಡುಬಿನಿಂದ ಬಾಲ್ಯದಲ್ಲೇ ದೃಷ್ಟಿ ಮಂದವಾಯಿತು. ಪಾದ್ರಿಯಾಗಲೆಂದು ವಿದ್ಯಾರ್ಥಿವೇತನದ ಬಲದಿಂದ 1589ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಖಗೋಳಶಾಸ್ತ್ರ ಕಲಿಸುತ್ತಿದ್ದವರು ಮಿಖಾಯೆಲ್ ಮೆಸ್ಟ್ಲಿನ್. ಅವರೇ ಬರೆದ ಆರಂಭಿಕ ಪಠ್ಯದಲ್ಲಿ ಭೂಮಿಯೇ ವಿಶ್ವದ ಕೇಂದ್ರ. ಆದರೂ ಆಸಕ್ತ ಶಿಷ್ಯರಿಗೆ, ಸೂರ್ಯನೇ ಕೇಂದ್ರವೆಂಬ ಕೊಪರ್ನಿಕಸ್ ಸಿದ್ಧಾಂತವನ್ನೂ ಅವರು ವಿವರಿಸುತ್ತಿದ್ದರು. ಆ ಪಾಠ ಕೆಪ್ಲರ್ ಮನಸ್ಸಿನಲ್ಲಿ ನಾಟಿತು.

1594ರಲ್ಲಿ ಪಾದ್ರಿಯಾಗುವುದನ್ನು ಬಿಟ್ಟು ಗ್ರಾಜ್ ನಗರದಲ್ಲಿ ಗಣಿತದ ಮೇಷ್ಟ್ರಾದರು. ಮುಂದೆ ಟೈಕೊ ಬ್ರಾಹೆ ದಾಖಲಿಸಿದ್ದ ಮಂಗಳ ಗ್ರಹದ ಅಳತೆಗಳನ್ನಿಟ್ಟುಕೊಂಡು ವರ್ಷಗಟ್ಟಲೆ ಲೆಕ್ಕ ಹಾಕಿ, ಅದರ ಪಥ ವೃತ್ತವಲ್ಲ, ದೀರ್ಘವೃತ್ತ ಎಂದು 1609ರಲ್ಲಿ ಪ್ರಕಟಿಸಿದರು. ಇಂದಿನ ಉಪಗ್ರಹಗಳ ಕಕ್ಷೆಗೂ ಅವರ ನಿಯಮಗಳೇ ಆಧಾರ.

ಸಾಫ್ಟ್‌ವೇರ್ ಎಂಜಿನಿಯರ್ ಆದ ನನಗೆ ಈ ಸಾಧನೆಯ ಹಿಂದೆ ಕಾಣುವುದು, ಪಠ್ಯದಾಚೆಗೂ ಪಾಠ ಹೇಳಿದ ಆ ಮೇಷ್ಟ್ರು. ಅಂಥವರು ನಮ್ಮ ಶಾಲೆಯಲ್ಲೂ ಇದ್ದರು. ಅವರಿಗೆ ನನ್ನ ನಮಸ್ಕಾರ.