ವಿಲಿಯಂ ಬಿ. ರೂಗರ್

ವಿಲಿಯಂ ಬ್ಯಾಟರ್‌ಮನ್ ರೂಗರ್ (ಜೂನ್ 21, 1916 – ಜುಲೈ 6, 2002) ಅಮೆರಿಕ ಸಂಯುಕ್ತ ಸಂಸ್ಥಾನದ ಬಂದೂಕು ವಿನ್ಯಾಸಕಾರರು ಹಾಗೂ ಉದ್ಯಮಿ. ಅಲೆಕ್ಸಾಂಡರ್ ಸ್ಟರ್ಮ್ ಅವರೊಡಗೂಡಿ 1949ರಲ್ಲಿ ಕನೆಕ್ಟಿಕಟ್ ರಾಜ್ಯದ ಸೌತ್‌ಪೋರ್ಟ್‌ನಲ್ಲಿ ಸ್ಟರ್ಮ್, ರೂಗರ್ ಅಂಡ್ ಕಂಪನಿಯನ್ನು ಸ್ಥಾಪಿಸಿದರು. ಸಂಸ್ಥೆಯ ಮೊದಲ ಉತ್ಪನ್ನವಾದ .22 ರಿಮ್‌ಫೈರ್ ಪಿಸ್ತೂಲು, ಗುರಿ ಅಭ್ಯಾಸಕ್ಕೆ ಬೇಕಾದ ನಿಖರತೆಯನ್ನು ಸಾಧಾರಣ ಆದಾಯದವರಿಗೂ ಎಟಕುವ ಬೆಲೆಯಲ್ಲಿ ಒದಗಿಸಿ ಹೆಸರಾಯಿತು. ಮುಂದಿನ ಐದು ದಶಕಗಳಲ್ಲಿ ಈ ಸಂಸ್ಥೆಯು ಅಮೆರಿಕದ ಅತಿದೊಡ್ಡ ಬಂದೂಕು ತಯಾರಕ ಸಂಸ್ಥೆಗಳಲ್ಲಿ ಒಂದಾಗಿ ಬೆಳೆಯಿತು.

ಆರಂಭಿಕ ಜೀವನ

ರೂಗರ್ ಅವರು ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ಜನಿಸಿದರು. ತಂದೆ ಅಡಾಲ್ಫ್ ರೂಗರ್ ವಕೀಲರಾಗಿದ್ದರು. ಹನ್ನೆರಡನೆಯ ವಯಸ್ಸಿನಲ್ಲಿ ತಂದೆಯಿಂದ ಉಡುಗೊರೆಯಾಗಿ ಬಂದ ರೈಫಲ್ ಒಂದು ಬಾಲಕನಲ್ಲಿ ಬಂದೂಕುಗಳ ಬಗೆಗೆ ಆಸಕ್ತಿಯನ್ನು ಹುಟ್ಟಿಸಿತು. ಈ ಆಸಕ್ತಿ ಗುರಿ ಹೊಡೆಯುವುದಕ್ಕೆ ಸೀಮಿತವಾಗದೆ, ಒಳಗಿನ ಯಂತ್ರರಚನೆಯ ಕಡೆಗೆ ಹೊರಳಿತು. ಚ್ಯಾಪೆಲ್ ಹಿಲ್‌ನಲ್ಲಿರುವ ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಖಾಲಿ ಕೋಣೆಯೊಂದನ್ನು ಯಂತ್ರಾಗಾರವಾಗಿ ಮಾರ್ಪಡಿಸಿಕೊಂಡು, ಸೈನ್ಯದ ಬಳಕೆಗೆಂದು ಹಗುರವಾದ ಮಷಿನ್‌ಗನ್ ಒಂದರ ವಿನ್ಯಾಸದಲ್ಲಿ ತೊಡಗಿದರು. ಕೈಯಿಂದ ಸನ್ನೆ ಎಳೆದು ತೋಟಾ ತುಂಬಬೇಕಾಗಿದ್ದ ಸ್ಯಾವೇಜ್ 99 ರೈಫಲನ್ನು ತಾನಾಗಿಯೇ ತೋಟಾ ತುಂಬಿಕೊಳ್ಳುವಂತೆ ಮಾರ್ಪಡಿಸಿದ್ದೂ ಅವರ ಯೌವನದ ಪ್ರಯೋಗಗಳಲ್ಲಿ ಸೇರಿದೆ. 1938ರಲ್ಲಿ ಮೇರಿ ಥಾಂಪ್ಸನ್ ಅವರನ್ನು ವಿವಾಹವಾದರು. ದಂಪತಿಗಳಿಗೆ ಮೂವರು ಮಕ್ಕಳು.

ಮಷಿನ್‌ಗನ್ ವಿನ್ಯಾಸವನ್ನು ಮೆಚ್ಚಿದ ಸೈನ್ಯದ ಅಧಿಕಾರಿಗಳಿಂದಾಗಿ ರೂಗರ್ ಅವರಿಗೆ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಸರ್ಕಾರಿ ಶಸ್ತ್ರಾಗಾರದಲ್ಲಿ ಕೆಲಸ ದೊರೆಯಿತು. ಅಲ್ಲಿ ಇದ್ದುದು ಸ್ವಲ್ಪಕಾಲ ಮಾತ್ರ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ, ಥಾಂಪ್ಸನ್ ಸಬ್‌ಮಷಿನ್‌ಗನ್ ತಯಾರಕರಾದ ಆಟೊ-ಆರ್ಡ್ನೆನ್ಸ್ ಸಂಸ್ಥೆಯಲ್ಲಿ ದುಡಿದರು. ಯುದ್ಧಕಾಲದ ಕಾರ್ಖಾನೆಗಳಲ್ಲಿ ತಗಡನ್ನು ಅಚ್ಚೊತ್ತಿ, ಬೆಸುಗೆ ಹಾಕಿ ಶಸ್ತ್ರಗಳನ್ನು ವೇಗವಾಗಿ ತಯಾರಿಸುವ ಕ್ರಮ ಆಗ ವ್ಯಾಪಕವಾಗಿತ್ತು. ಶಾಂತಿಕಾಲದ ಬಂದೂಕು ಉದ್ಯಮ ಮಾತ್ರ ಉಕ್ಕಿನ ಗಟ್ಟಿಯನ್ನು ಕೊರೆದು, ಕೆತ್ತಿ, ಉಜ್ಜಿ ಹದಗೊಳಿಸುವ ಹಳೆಯ ಪದ್ಧತಿಯಲ್ಲೇ ಉಳಿದಿತ್ತು. ರೂಗರ್ ಅವರ ಮುಂದಿನ ಯಶಸ್ಸಿನ ಬಹುಪಾಲು ಈ ಅಂತರದಲ್ಲಿ ಅಡಗಿದೆ.

ಸಂಸ್ಥೆಯ ಸ್ಥಾಪನೆ

ಯುದ್ಧಾನಂತರ ರೂಗರ್ ಸೌತ್‌ಪೋರ್ಟ್‌ನಲ್ಲಿ ಬಡಗಿಗಳ ಕೈ ಉಪಕರಣಗಳನ್ನು ತಯಾರಿಸುವ ಉದ್ಯಮವನ್ನು ಆರಂಭಿಸಿದರು. ಅದು ಕೈಗೂಡಲಿಲ್ಲ. ಆದರೆ ಇದೇ ಅವಧಿಯಲ್ಲಿ ಅವರ ಕೈಯಲ್ಲಿ ಬೇರೊಂದು ಕೆಲಸ ಸಾಗಿತ್ತು. 1945ರಲ್ಲಿ, ಯುದ್ಧದಿಂದ ಮರಳಿದ ಅಮೆರಿಕದ ಮರೀನ್ ಪಡೆಯ ಯೋಧನೊಬ್ಬನಿಂದ ಜಪಾನಿನ ನಂಬು ಪಿಸ್ತೂಲೊಂದನ್ನು ಪಡೆದಿದ್ದರು. ತಮ್ಮ ಮನೆಯ ಗ್ಯಾರೇಜಿನಲ್ಲಿ ಅದರ ಎರಡು ಪ್ರತಿಗಳನ್ನು ತಯಾರಿಸಿ, ರಚನೆಯನ್ನು ಅಭ್ಯಸಿಸಿದರು. ನಂಬು ಪಿಸ್ತೂಲನ್ನು ಅದಿದ್ದಂತೆಯೇ ಮಾರುವ ವಿಚಾರವನ್ನು ಕೈಬಿಟ್ಟರೂ, ಅದರ ಹೊರರೂಪವನ್ನೂ ಕೊಳವೆಯೊಳಗೆ ಹಿಂದೆ ಮುಂದೆ ಜಾರುವ ದುಂಡನೆಯ ಬೋಲ್ಟ್‌ನ ಕಲ್ಪನೆಯನ್ನೂ ಉಳಿಸಿಕೊಂಡರು.

ವಿನ್ಯಾಸವಿದ್ದರೂ ಬಂಡವಾಳವಿರಲಿಲ್ಲ. ಅದನ್ನು ಒದಗಿಸಿದವರು ಅಲೆಕ್ಸಾಂಡರ್ ಮೆಕ್‌ಕಾರ್ಮಿಕ್ ಸ್ಟರ್ಮ್. ಯೇಲ್ ವಿಶ್ವವಿದ್ಯಾಲಯದ ಪದವೀಧರರಾದ ಸ್ಟರ್ಮ್ ಚಿತ್ರಕಾರರೂ ಲೇಖಕರೂ ಆಗಿದ್ದು, ವಂಶಲಾಂಛನಗಳ ಅಧ್ಯಯನದಲ್ಲಿ ಆಸಕ್ತರಾಗಿದ್ದರು. ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರ ಮೊಮ್ಮಗಳಾದ ಪಾಲಿನಾ ಲಾಂಗ್‌ವರ್ತ್ ಅವರ ಪತ್ನಿ. ಪಾಲಿನಾ ರೂಸ್‌ವೆಲ್ಟ್ ಅವರ ಮಗಳ ಮಗಳು, ಅಂದರೆ ನೇರ ಮೊಮ್ಮಗಳು. ಸ್ಟರ್ಮ್ ಹೂಡಿದ 50,000 ಡಾಲರ್‌ಗಳಿಂದ 1949ರಲ್ಲಿ ಕಂಪನಿ ಕಾರ್ಯಾರಂಭ ಮಾಡಿತು. ರೆಕ್ಕೆ ಬಿಚ್ಚಿದ ಹದ್ದಿನಂತೆ ಕಾಣುವ ಸಂಸ್ಥೆಯ ಲಾಂಛನವನ್ನು ರಚಿಸಿದವರೂ ಸ್ಟರ್ಮ್ ಅವರೇ.

ಸ್ಟ್ಯಾಂಡರ್ಡ್ ಪಿಸ್ತೂಲು

ರಿಮ್‌ಫೈರ್ ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ತಳದ ನಡುವೆ ಇರದೆ, ತಳದ ಅಂಚಿನ ಸುತ್ತಲಿನ ಮಡಿಕೆಯೊಳಗೆ ಇರುತ್ತದೆ. ಬಡಿಯುವ ಪಿನ್ನು ಈ ಅಂಚನ್ನು ಜಜ್ಜಿದಾಗ ಗುಂಡು ಹಾರುತ್ತದೆ. .22 ಲಾಂಗ್ ರೈಫಲ್ ಇವುಗಳಲ್ಲಿ ಅತ್ಯಂತ ಪ್ರಚಲಿತವಾದುದು. ತೋಟಾ ಅಗ್ಗ, ಹಿಂದೊದೆತ ಅಲ್ಪ, ಸದ್ದೂ ಕಡಿಮೆ. ಆದ್ದರಿಂದ ಗುರಿ ಅಭ್ಯಾಸಕ್ಕೆ ತೊಡಗುವವರು ಸಾಮಾನ್ಯವಾಗಿ ಇದರಿಂದಲೇ ಆರಂಭಿಸುತ್ತಾರೆ. ಆದರೆ ಇದಕ್ಕೊಂದು ತೊಡಕೂ ಇದೆ. ಅಂಚಿನ ಮದ್ದು ಎಲ್ಲ ಕಡೆ ಸಮನಾಗಿ ಹರಡದಿದ್ದರೆ ತೋಟಾ ಸಿಡಿಯದೆ ಉಳಿಯುತ್ತದೆ. ತೋಟಾದ ಶಕ್ತಿ ಕಡಿಮೆಯಿರುವುದರಿಂದ, ಸ್ವಲ್ಪ ಮಸಿ ಕಟ್ಟಿದರೂ ಬೋಲ್ಟ್ ಪೂರ್ಣವಾಗಿ ಹಿಂದೆ ಸರಿಯದೆ ಪಿಸ್ತೂಲು ಸಿಕ್ಕಿಕೊಳ್ಳಬಹುದು. ಅಗ್ಗದ ತೋಟಾವನ್ನು ತಡೆಯಿಲ್ಲದೆ ಹಾರಿಸುವ ಪಿಸ್ತೂಲನ್ನು ಅಗ್ಗವಾಗಿ ತಯಾರಿಸುವುದು ಆದ್ದರಿಂದ ಸುಲಭದ ಮಾತಲ್ಲ.

ಆ ಕಾಲದಲ್ಲಿ ಅಮೆರಿಕದ ಗುರಿಗಾರರ ಮುಂದಿದ್ದ ಪ್ರಮುಖ ಆಯ್ಕೆಗಳು ಜಾನ್ ಬ್ರೌನಿಂಗ್ ವಿನ್ಯಾಸದಿಂದ ಬಂದ ಕೋಲ್ಟ್ ವುಡ್ಸ್‌ಮನ್ ಹಾಗೂ ಹೈ ಸ್ಟ್ಯಾಂಡರ್ಡ್ ಸಂಸ್ಥೆಯ ಪಿಸ್ತೂಲುಗಳು. ವುಡ್ಸ್‌ಮನ್ ಅಂದವಾಗಿ ಕೆತ್ತಿದ, ನಂಬಿಕೆಗೆ ಅರ್ಹವಾದ ಪಿಸ್ತೂಲು. ಅದರ ತಯಾರಿಕೆಗೆ ಬೇಕಾಗುತ್ತಿದ್ದ ಯಂತ್ರಕೆಲಸ ಅದರ ಬೆಲೆಯಲ್ಲಿಯೂ ಕಾಣುತ್ತಿತ್ತು. ರೂಗರ್ ಪಿಸ್ತೂಲು ಬಂದುದು 37.50 ಡಾಲರ್‌ಗಳಿಗೆ.

ಬೆಲೆಯನ್ನು ಇಳಿಸಿದ ಉಪಾಯ ಸರಳವಾದುದು. ಉಕ್ಕಿನ ತಗಡಿನಿಂದ ಎರಡು ಅರ್ಧಭಾಗಗಳನ್ನು ಅಚ್ಚೊತ್ತಿ, ಅವನ್ನು ಒಂದಕ್ಕೊಂದು ಬೆಸೆದು ಪಿಸ್ತೂಲಿನ ಹಿಡಿಯನ್ನು ರೂಪಿಸಲಾಯಿತು. ಬಾಗಿಸಿದ ಪಟ್ಟಿ ಸ್ಪ್ರಿಂಗ್‌ಗಳ ಬದಲು ಗಟ್ಟಿ ತಂತಿಯ ಸುರುಳಿ ಸ್ಪ್ರಿಂಗ್‌ಗಳನ್ನು ಬಳಸಲಾಯಿತು. ಇವು ಅಗ್ಗವಾಗಿದ್ದವು ಮಾತ್ರವಲ್ಲ, ಬೇಗ ಮುರಿಯುತ್ತಲೂ ಇರಲಿಲ್ಲ. ಮೇಲ್ಭಾಗ ಉಕ್ಕಿನ ಕೊಳವೆ. ನಳಿಗೆಯನ್ನು ಆ ಕೊಳವೆಯ ಮುಂತುದಿಗೆ ತಿರುಪಿನಿಂದ ಬಿಗಿಯಲಾಗುತ್ತಿತ್ತು. ಕೊಳವೆಯೊಳಗೆ ಬೋಲ್ಟ್ ಮಾತ್ರ ಚಲಿಸುತ್ತಿತ್ತು.

ಗುರಿಗಾರನ ದೃಷ್ಟಿಯಿಂದ ಈ ಕೊನೆಯ ಅಂಶವೇ ಮುಖ್ಯ. ಆ ಕಾಲದ ಹಲವು ಪಿಸ್ತೂಲುಗಳಲ್ಲಿ ಹಿಂದಿನ ಸೈಟ್, ಪ್ರತಿ ಹೊಡೆತಕ್ಕೂ ಹಿಂದೆ ಸರಿದು ಮುಂದೆ ಬರುವ ಸ್ಲೈಡ್‌ನ ಮೇಲೆ ಇರುತ್ತಿತ್ತು. ಸ್ಲೈಡ್ ಪ್ರತಿ ಬಾರಿಯೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅದೇ ಸ್ಥಾನಕ್ಕೆ ಮರಳಬೇಕಾದರೆ ಅದನ್ನು ಬಹಳ ಬಿಗಿಯಾಗಿ, ಅಂದರೆ ದುಬಾರಿಯಾಗಿ, ಕೂಡಿಸಬೇಕು. ರೂಗರ್ ಪಿಸ್ತೂಲಿನಲ್ಲಿ ನಳಿಗೆ, ಮುಂದಿನ ಸೈಟ್, ಹಿಂದಿನ ಸೈಟ್ ಮೂರೂ ಅಲುಗಾಡದ ಒಂದೇ ಅಂಗದ ಮೇಲೆ ನಿಂತಿದ್ದವು. ಒಳಗಿನ ಬೋಲ್ಟ್ ತುಸು ಸಡಿಲವಾಗಿದ್ದರೂ ಗುರಿಗೆ ಬಾಧಕವಿಲ್ಲ; ಬದಲಾಗಿ ಆ ಸಡಿಲತೆಯೇ ಮಸಿ ಕಟ್ಟಿದಾಗಲೂ ಪಿಸ್ತೂಲು ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುತ್ತಿತ್ತು. ಹೀಗೆ ಬೆಲೆಯನ್ನು ತಗ್ಗಿಸಿದ ರಚನೆಯೇ ನಿಖರತೆಗೂ ಬಾಳಿಕೆಗೂ ಕಾರಣವಾಯಿತು. ಹಿಡಿಯ ಓರೆ ಜರ್ಮನಿಯ ಪ್ರಸಿದ್ಧ ಲೂಗರ್ ಪಿಸ್ತೂಲನ್ನು ಹೋಲುತ್ತಿತ್ತು. ಇಬ್ಬರ ಹೆಸರಿನ ಪ್ರಾಸವೂ ಮಾರಾಟಕ್ಕೆ ಕೇಡು ಮಾಡಲಿಲ್ಲ.

ದೋಷಗಳೂ ಇದ್ದವು. ಸ್ವಚ್ಛಗೊಳಿಸಲು ಬಿಚ್ಚಿದ ಪಿಸ್ತೂಲನ್ನು ಮತ್ತೆ ಜೋಡಿಸುವುದು ತಾಳ್ಮೆಯನ್ನು ಪರೀಕ್ಷಿಸುವ ಕೆಲಸ. ಹ್ಯಾಮರ್ ಸರಿಯಾದ ಸ್ಥಾನದಲ್ಲಿ ಇಲ್ಲದೆ, ಅದಕ್ಕೆ ಸೇರಿದ ಕಡ್ಡಿಯು ಹಿಡಿಯ ಹಿಂಭಾಗದ ಸ್ಪ್ರಿಂಗ್‌ನ ಮೇಲೆ ಕೂರದೆ ಹೋದರೆ ಪಿಸ್ತೂಲು ಮುಚ್ಚಿಕೊಂಡರೂ ಕೆಲಸ ಮಾಡುವುದಿಲ್ಲ. ಕೊನೆಯ ಗುಂಡು ಹಾರಿದ ಮೇಲೆ ಬೋಲ್ಟ್ ತೆರೆದು ನಿಲ್ಲುವ ವ್ಯವಸ್ಥೆಯೂ ಮೊದಲ ಮಾದರಿಯಲ್ಲಿ ಇರಲಿಲ್ಲ. 1982ರ ಮಾರ್ಕ್ 2 ಮಾದರಿ ಈ ಕೊರತೆಯನ್ನು ನೀಗಿಸಿತು ಹಾಗೂ ಮ್ಯಾಗಜಿನ್‌ನ ಸಾಮರ್ಥ್ಯವನ್ನು ಒಂಬತ್ತರಿಂದ ಹತ್ತು ತೋಟಾಗಳಿಗೆ ಏರಿಸಿತು. ಜೋಡಣೆಯ ತೊಡಕು ಮಾತ್ರ ಹಾಗೆಯೇ ಉಳಿಯಿತು.

ಹಿಂದಿನ ಸೈಟನ್ನು ಸರಿಹೊಂದಿಸಿಕೊಳ್ಳಬಹುದಾದ, ಉದ್ದನೆಯ ನಳಿಗೆಯ ಮಾರ್ಕ್ 1 ಟಾರ್ಗೆಟ್ ಮಾದರಿ 1951ರಲ್ಲಿ ಬಂದಿತು. ಕ್ಲಬ್ ಮಟ್ಟದ ಸ್ಪರ್ಧೆಗಳಿಗೆ ಹೊಸಬರು ಕೊಳ್ಳುವ ಪಿಸ್ತೂಲಾಗಿ ಅದು ಬಹುಬೇಗ ನೆಲೆಯೂರಿತು.

ಸ್ಟರ್ಮ್ ಅವರ ನಿಧನ

ಅದೇ ವರ್ಷದ ನವೆಂಬರ್‌ನಲ್ಲಿ ಸ್ಟರ್ಮ್ ಯಕೃತ್ತಿನ ಉರಿಯೂತದಿಂದ ತಮ್ಮ 28ನೆಯ ವಯಸ್ಸಿನಲ್ಲಿ ನಿಧನರಾದರು. ಅಲ್ಲಿಯವರೆಗೆ ಪಿಸ್ತೂಲಿನ ಹಿಡಿಯ ಮೇಲಿನ ಹದ್ದಿನ ಪದಕದ ಹಿನ್ನೆಲೆ ಕೆಂಪಾಗಿತ್ತು. ಗೆಳೆಯನ ನೆನಪಿಗೆ ರೂಗರ್ ಅದನ್ನು ಕಪ್ಪಾಗಿಸಿದರು. ಕೆಂಪು ಪದಕದ ಆರಂಭಿಕ ಪಿಸ್ತೂಲುಗಳನ್ನು ಸಂಗ್ರಾಹಕರು ಇಂದಿಗೂ ವಿಶೇಷವಾಗಿ ಹುಡುಕುತ್ತಾರೆ. ಸಂಸ್ಥೆಯ ಹೆಸರಿನಲ್ಲಿ ಸ್ಟರ್ಮ್ ಅವರ ಹೆಸರು ಮೊದಲಿನಂತೆಯೇ ಮುಂದುವರಿಯಿತು.

ನಂತರದ ವಿನ್ಯಾಸಗಳು

ದೂರದರ್ಶನದಲ್ಲಿ ಕೌಬಾಯ್ ಕಥೆಗಳು ಜನಪ್ರಿಯವಾಗುತ್ತಿದ್ದ ಕಾಲದಲ್ಲಿ, ಕೋಲ್ಟ್ ಸಂಸ್ಥೆಯು ತನ್ನ ಹಳೆಯ ಸಿಂಗಲ್ ಆ್ಯಕ್ಷನ್ ರಿವಾಲ್ವರ್‌ನ ತಯಾರಿಕೆಯನ್ನು ನಿಲ್ಲಿಸಿತ್ತು. ಆ ತೆರವನ್ನು ಗಮನಿಸಿದ ರೂಗರ್ 1953ರಲ್ಲಿ .22 ತೋಟಾದ ಸಿಂಗಲ್-ಸಿಕ್ಸ್ ಅನ್ನೂ 1955ರಲ್ಲಿ ಹೆಚ್ಚು ಶಕ್ತಿಯ ಬ್ಲ್ಯಾಕ್‌ಹಾಕ್ ಅನ್ನೂ ಹೊರತಂದರು. ನೋಟ ಹಳೆಯದು, ಒಳಗಿನ ಸ್ಪ್ರಿಂಗ್‌ಗಳು ಹೊಸವು. ಮೇಣದ ಮಾದರಿಯ ಸುತ್ತ ಅಚ್ಚು ಕಟ್ಟಿ, ಮೇಣವನ್ನು ಕರಗಿಸಿ ತೆಗೆದು, ಆ ಜಾಗಕ್ಕೆ ಉಕ್ಕನ್ನು ಹೊಯ್ಯುವ ಎರಕದ ವಿಧಾನವನ್ನು ಬಂದೂಕು ಉದ್ಯಮದಲ್ಲಿ ದೊಡ್ಡ ಪ್ರಮಾಣದಲ್ಲಿ ನೆಲೆಗೊಳಿಸಿದವರಲ್ಲಿ ರೂಗರ್ ಪ್ರಮುಖರು. 1964ರ 10/22 ರಿಮ್‌ಫೈರ್ ರೈಫಲ್, 1967ರ ನಂ. 1 ಒಂಟಿ ತೋಟಾ ರೈಫಲ್ ಹಾಗೂ 1968ರ ಎಂ77 ಬೇಟೆ ರೈಫಲ್ ಅವರ ಕಾಲದ ಇತರ ಮುಖ್ಯ ಉತ್ಪನ್ನಗಳು. ಇವುಗಳಲ್ಲಿ 10/22 ಅತಿ ಹೆಚ್ಚು ಜನಪ್ರಿಯವಾಯಿತು. 1969ರಲ್ಲಿ ಕಂಪನಿಯ ಷೇರುಗಳು ಸಾರ್ವಜನಿಕರಿಗೆ ದೊರೆಯತೊಡಗಿದವು.

ಸುರಕ್ಷತೆ ಮತ್ತು ವಿವಾದಗಳು

ಹಳೆಯ ರಿವಾಲ್ವರ್‌ನ ನೋಟದೊಡನೆ ಅದರ ಹಳೆಯ ಅಪಾಯವೂ ಬಂದಿತ್ತು. ಆರೂ ಮನೆಗಳಲ್ಲಿ ತೋಟಾ ತುಂಬಿದ ಆರಂಭದ ಸಿಂಗಲ್-ಸಿಕ್ಸ್ ಅಥವಾ ಬ್ಲ್ಯಾಕ್‌ಹಾಕ್ ಕೈಜಾರಿ ಹ್ಯಾಮರ್ ಕೆಳಗಾಗಿ ಬಿದ್ದರೆ ಗುಂಡು ಹಾರುವ ಸಾಧ್ಯತೆಯಿತ್ತು. ಹ್ಯಾಮರ್‌ನ ಕೆಳಗಿನ ಮನೆಯನ್ನು ಖಾಲಿ ಬಿಟ್ಟು ಐದೇ ತೋಟಾ ತುಂಬಬೇಕೆಂಬುದು ಬಲ್ಲವರ ರೂಢಿ. ಎಲ್ಲ ಕೊಳ್ಳುಗರೂ ಅದನ್ನು ಬಲ್ಲವರಾಗಿರಲಿಲ್ಲ. ಅಪಘಾತಗಳು ಸಂಭವಿಸಿದವು, ಗಾಯಗೊಂಡವರು ಸಂಸ್ಥೆಯ ವಿರುದ್ಧ ಮೊಕದ್ದಮೆಗಳನ್ನು ಹೂಡಿದರು. 1973ರಲ್ಲಿ ರಚನೆಯನ್ನು ಬದಲಿಸಿ, ಟ್ರಿಗರ್ ಪೂರ್ಣ ಎಳೆದಾಗ ಮಾತ್ರ ಹ್ಯಾಮರ್ ಮತ್ತು ಪಿನ್ನಿನ ನಡುವೆ ಬಂದು ಹೊಡೆತವನ್ನು ದಾಟಿಸುವ ಪಟ್ಟಿಯೊಂದನ್ನು ಅಳವಡಿಸಲಾಯಿತು. ಹಿಂದೆ ಮಾರಿದ ರಿವಾಲ್ವರ್‌ಗಳನ್ನೂ ಉಚಿತವಾಗಿ ಮಾರ್ಪಡಿಸಿಕೊಡುವ ಯೋಜನೆಯನ್ನು ಸಂಸ್ಥೆ ಆ ಬಳಿಕ ಪ್ರಕಟಿಸಿತು. ಬಳಕೆಗೆ ಮುನ್ನ ಕೈಪಿಡಿಯನ್ನು ಓದಬೇಕೆಂಬ ಎಚ್ಚರಿಕೆಯನ್ನು ನಳಿಗೆಯ ಮೇಲೆಯೇ ಕೊರೆಯುವ ಪದ್ಧತಿಯೂ ಈ ಮೊಕದ್ದಮೆಗಳ ಕಾಲದ್ದು. ಬಂದೂಕಿನ ಅಂದವನ್ನು ಅದು ಕೆಡಿಸುತ್ತದೆಂದು ಹಲವು ಗ್ರಾಹಕರು ದೂರಿದರೂ ಸಂಸ್ಥೆ ಅದನ್ನು ಕೈಬಿಡಲಿಲ್ಲ.

ಎರಡನೆಯ ವಿವಾದ ರಾಜಕೀಯ ಸ್ವರೂಪದ್ದು. ಅರೆಸ್ವಯಂಚಾಲಿತ ಬಂದೂಕುಗಳನ್ನೇ ನಿಷೇಧಿಸಬೇಕೆಂಬ ಚರ್ಚೆ ನಡೆದಿದ್ದ 1989ರಲ್ಲಿ, ಅದರ ಬದಲು 15ಕ್ಕಿಂತ ಹೆಚ್ಚು ತೋಟಾ ಹಿಡಿಯುವ ಮ್ಯಾಗಜಿನ್‌ಗಳನ್ನು ನಿಷೇಧಿಸಬಹುದೆಂದು ರೂಗರ್ ಅಮೆರಿಕದ ಸಂಸತ್ತಿನ ಸದಸ್ಯರಿಗೆ ಪತ್ರ ಬರೆದರು. 1994ರ ಕಾನೂನು ಈ ಮಿತಿಯನ್ನು ಹತ್ತಕ್ಕೆ ಇಳಿಸಿ ಜಾರಿಗೆ ಬಂದಾಗ, ಬಂದೂಕು ಮಾಲೀಕರಲ್ಲಿ ಅನೇಕರು ರೂಗರ್ ಅವರನ್ನು ದೂಷಿಸಿದರು. ಆ ಕಾನೂನು 2004ರಲ್ಲಿ ಅವಧಿ ಮುಗಿದು ರದ್ದಾಯಿತಾದರೂ ಅಸಮಾಧಾನ ಅವರ ಮರಣಾನಂತರವೂ ಉಳಿಯಿತು.

ಇತರ ಆಸಕ್ತಿಗಳು ಮತ್ತು ಕೊನೆಯ ವರ್ಷಗಳು

ರೂಗರ್ ಅವರು ಹಳೆಯ ಕಾರುಗಳನ್ನೂ ಅಮೆರಿಕದ ಪಶ್ಚಿಮ ಪ್ರಾಂತ್ಯವನ್ನು ಚಿತ್ರಿಸುವ ಹತ್ತೊಂಬತ್ತನೆಯ ಶತಮಾನದ ಕಲಾಕೃತಿಗಳನ್ನೂ ಸಂಗ್ರಹಿಸಿದ್ದರು. 1929ರ ಬೆಂಟ್ಲಿಯನ್ನು ಹೋಲುವ ರೂಗರ್ ಸ್ಪೋರ್ಟ್ಸ್ ಟೂರರ್ ಎಂಬ ಕಾರನ್ನು 1970ರ ಸುಮಾರಿಗೆ ತಯಾರಿಸಲು ಹೊರಟರು. ಎರಡು ಮಾದರಿಗಳು ಮಾತ್ರ ಸಿದ್ಧವಾದವು.

2000ದಲ್ಲಿ ಅವರು ಸಂಸ್ಥೆಯ ಹೊಣೆಯಿಂದ ನಿವೃತ್ತರಾದರು. ಮಗ ವಿಲಿಯಂ ರೂಗರ್ ಜೂನಿಯರ್ ಆ ಸ್ಥಾನಕ್ಕೆ ಬಂದರು. ಎರಡು ವರ್ಷಗಳ ನಂತರ ಅರಿಝೋನಾ ರಾಜ್ಯದ ಪ್ರೆಸ್ಕಾಟ್‌ನಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ ರೂಗರ್ ನಿಧನರಾದರು. ಅವರ ಮೊದಲ ಪಿಸ್ತೂಲಿನ ವಂಶದಲ್ಲಿ ನಾಲ್ಕನೆಯದಾದ ಮಾರ್ಕ್ 4 ಮಾದರಿ 2016ರಲ್ಲಿ ಮಾರುಕಟ್ಟೆಗೆ ಬಂದಿತು. ನಳಿಗೆಯೂ ಸೈಟ್‌ಗಳೂ ಅಲುಗದ ಒಂದೇ ಅಂಗದ ಮೇಲಿರುವ ಹಳೆಯ ರಚನೆಯನ್ನೇ ಉಳಿಸಿಕೊಂಡ ಈ ಪಿಸ್ತೂಲನ್ನು ಒಂದು ಗುಂಡಿ ಒತ್ತಿ ಬಿಚ್ಚಬಹುದು.