ಓರೆ ಕೊಯ್ತದ ಗುಟ್ಟು ಬಿಡಿಸಿದ ಮೋಂಜ್

ಎಂಜಿನಿಯರಿಂಗ್ ಡ್ರಾಯಿಂಗ್ ತರಗತಿಯಲ್ಲಿ ಬೆವರಿದವರೆಲ್ಲ ಗ್ಯಾಸ್ಪರ್ ಮೋಂಜ್‌ಗೆ ಋಣಿಗಳು. ಹೆಸರು ಮಾತ್ರ ಬಹುತೇಕರಿಗೆ ಅಪರಿಚಿತ.

ಫ್ರಾನ್ಸಿನ ಬೋನ್ ಪಟ್ಟಣದಲ್ಲಿ 1746ರಲ್ಲಿ ಸಣ್ಣ ವ್ಯಾಪಾರಿಯ ಮಗನಾಗಿ ಹುಟ್ಟಿದ ಮೋಂಜ್, ಮೆಜಿಯೇರ್‌ನ ಸೇನಾ ಎಂಜಿನಿಯರಿಂಗ್ ಶಾಲೆಗೆ ಸೇರಿದ್ದು ಕೇವಲ ನಕ್ಷೆಗಾರನಾಗಿ. ಅಧಿಕಾರಿಗಳ ತರಗತಿ ಕುಲೀನರಿಗೆ ಮೀಸಲಾಗಿತ್ತು. ಕೋಟೆಯೊಂದನ್ನು ಶತ್ರುವಿನ ಗುಂಡಿಗೆ ಸಿಗದಂತೆ ವಿನ್ಯಾಸಗೊಳಿಸುವ ಲೆಕ್ಕವನ್ನು ಆತ ರೇಖೆಗಳಲ್ಲೇ ಬಿಡಿಸಿ ಒಪ್ಪಿಸಿದಾಗ, ಇಷ್ಟು ಬೇಗ ಮುಗಿಯುವುದು ಅಸಾಧ್ಯವೆಂದು ಮೇಲಧಿಕಾರಿ ನೋಡಲೂ ನಿರಾಕರಿಸಿದ್ದನಂತೆ.

ಕಮಾನಿನ ಕಲ್ಲಿನ ಓರೆ ಮುಖವು ಮೇಲಿನಿಂದ ನೋಡಿದರೂ ಮುಂದಿನಿಂದ ನೋಡಿದರೂ ಕುಗ್ಗಿಯೇ ಕಾಣುತ್ತದೆ. ಆ ಅಳತೆ ನಂಬಿ ಉಳಿ ಹಿಡಿದರೆ ಕಲ್ಲು ಹಾಳು. ಕಲ್ಲುಕುಟಿಗರು, ಬಡಗಿಗಳು ಇದಕ್ಕೆ ಬಿಡಿಬಿಡಿ ಉಪಾಯಗಳನ್ನು ಮೊದಲೇ ಬಲ್ಲವರಾಗಿದ್ದರು; ಅವನ್ನೆಲ್ಲ ಒಂದೇ ಶಾಸ್ತ್ರಕ್ಕೆ ಒಳಪಡಿಸಿದ ಹಿರಿಮೆ ಮೋಂಜ್‌ನದು. ಪರಸ್ಪರ ಲಂಬವಾದ ಎರಡು ಸಮತಲಗಳ ಮೇಲೆ ವಸ್ತುವಿನ ಪ್ರೊಜೆಕ್ಷನ್ ಪಡೆದು, ಒಂದನ್ನು ಮಡಚಿ ಎರಡನ್ನೂ ಒಂದೇ ಹಾಳೆಗೆ ತರುವುದು ಮೊದಲ ಹೆಜ್ಜೆ. ಬಳಿಕ ಓರೆ ಮುಖವನ್ನು ತಿರುಗಿಸಿ ಹಾಳೆಯ ಮೇಲೆ ಮಲಗಿಸಿದರೆ ಅದರ ನಿಜವಾದ ಆಕಾರ, ಉದ್ದ, ಕೋನ ಎಲ್ಲವೂ ಕೈಗೆ ಸಿಗುತ್ತವೆ.

ಸೇನೆ ಈ ವಿದ್ಯೆಯನ್ನು ವರ್ಷಗಟ್ಟಲೆ ಗುಟ್ಟಾಗಿರಿಸಿತು. ಕ್ರಾಂತಿಯ ನಂತರ, 1795ರಲ್ಲಿ, ಪ್ಯಾರಿಸ್‌ನ ಎಕೋಲ್ ನಾರ್ಮಾಲ್‌ನಲ್ಲಿ ಮೋಂಜ್ ಅದನ್ನು ಬಹಿರಂಗವಾಗಿ ಬೋಧಿಸಿದ. ಎಕೋಲ್ ಪಾಲಿಟೆಕ್ನಿಕ್ ಕಟ್ಟಿದವರಲ್ಲೂ ಆತ ಪ್ರಮುಖ.

ನೆಪೋಲಿಯನ್‌ನೊಡನೆ ಬೆಳೆಸಿದ ಸ್ನೇಹ ಕೊನೆಗೆ ದುಬಾರಿಯಾಯಿತು. ದೊರೆಯ ಪತನಾನಂತರ, 1816ರಲ್ಲಿ, ವಿದ್ವತ್ ಸಂಸ್ಥೆಯಿಂದ ಹೊರದೂಡಲ್ಪಟ್ಟ ಮೋಂಜ್ 1818ರಲ್ಲಿ ನಿಧನನಾದ. ಅಂತ್ಯಕ್ರಿಯೆಗೆ ತೆರಳದಂತೆ ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ನಿರ್ಬಂಧ ಹೇರಲಾಗಿತ್ತು. ಮರುದಿನ ಅವರು ಗುಂಪಾಗಿ ಸಮಾಧಿಗೆ ನಡೆದುಹೋದರು.