ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳವರು

ಘಟ್ಟದ ಮೇಲಿನ ಶಿರಸಿ, ಸಿದ್ಧಾಪುರ, ಯಲ್ಲಾಪುರಗಳ ಸೀಮೆಯು ಹಾಡಿನ ಬಡತನವನ್ನು ಎಂದೂ ಅರಿಯದ ಸೀಮೆ. ಶಿರಸಿಯ ಸಮೀಪದ ಸೋದೆಯಲ್ಲಿ 17ನೆಯ ಶತಮಾನದಲ್ಲಿ ಆಳಿದ ಸದಾಶಿವರಾಯನು ಸ್ವರವಚನಗಳನ್ನು ರಚಿಸಿ, ಸಿಂಹಾಸನದ ಮೇಲೆ ಕುಳಿತೂ ಶರಣರ ಧಾಟಿಯಲ್ಲಿ ಹಾಡಬಹುದೆಂದು ತೋರಿಸಿದನು. ಇಲ್ಲಿಯ ಆಟಗಳಲ್ಲಿ ಭಾಗವತನ ಪದವೇ ಪ್ರಾಣ. ಎರಡು ವರ್ಷಕ್ಕೊಮ್ಮೆ ನೆರೆಯುವ ಮಾರಿಕಾಂಬೆಯ ಜಾತ್ರೆಗೆ ನಾಟಕ ಕಂಪನಿಗಳು ಬಂದು ಡೇರೆ ಹೊಡೆದವೆಂದರೆ, ಪೇಟಿಯ ಸ್ವರದೊಡನೆ ಕೇಳಿದ ರಂಗಪದಗಳು ಜಾತ್ರೆ ಮುಗಿದು ಎಷ್ಟೋ ತಿಂಗಳ ತನಕ ಅಡಕೆಯ ತೋಟಗಳಲ್ಲಿ, ಚಕ್ಕಡಿಯ ದಾರಿಗಳಲ್ಲಿ ಗುನುಗುತ್ತಿದ್ದವು. ಈ ಸೀಮೆಯ ಮೂಡಣ ಮಗ್ಗುಲಲ್ಲಿ, ಮಲೆನಾಡು ಮೆಲ್ಲನೆ ಬಯಲಿಗಿಳಿಯುವೆಡೆಯಲ್ಲಿ, ಹಾನಗಲ್ಲ ತಾಲೂಕು ಹಬ್ಬಿದೆ. ಕನ್ನಡ ನಾಡಿನ ಸಂಗೀತಕ್ಕೆ ಒಂದು ಹೊಸ ಮನೆಯನ್ನೇ ಕಟ್ಟಿಕೊಟ್ಟ ಪುರುಷನು ಹುಟ್ಟಿದ್ದು ಆ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ.

1892ನೆಯ ಇಸವಿ ಫೆಬ್ರುವರಿ 2ರಂದು ಗುರುಪಾದಯ್ಯ ಹಾಗೂ ನೀಲಮ್ಮ ದಂಪತಿಗಳಿಗೆ ಜನಿಸಿದ ಆ ಶಿಶುವಿಗೆ ಗದಿಗಯ್ಯನೆಂದು ಹೆಸರಿಟ್ಟರು. ಕೂಸಿಗೆ ದೃಷ್ಟಿ ಇರಲಿಲ್ಲ. ಅಣ್ಣನಾದ ಗುರುಬಸಯ್ಯನೂ ಅಂಧನೇ. ಒಂದೇ ಮನೆಯಲ್ಲಿ ಇಬ್ಬರು ಕುರುಡು ಮಕ್ಕಳು! ಆ ಕಾಲದ ಹಳ್ಳಿಯಲ್ಲಿ ಇಂಥ ಮಕ್ಕಳ ಮುಂದೆ ತೆರೆದಿದ್ದ ದಾರಿ ಒಂದೇ; ಅದು ಜೋಳಿಗೆಯ ದಾರಿ. ಆದರೆ ಆ ಬಾಲಕರ ಕಂಠದಲ್ಲಿ ಮಾಧುರ್ಯವಿದ್ದಿತು, ಕಿವಿಯಲ್ಲಿ ಬಿದ್ದುದನ್ನು ಬಿಡದ ನೆನಪಿದ್ದಿತು. ಅದನ್ನು ಗುರುತಿಸಿದವರು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರಸ್ವಾಮಿಗಳು. 1904ರಲ್ಲಿ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಆ ಮಹನೀಯರು ಅಂಧ ಬಾಲಕರನ್ನು ಕೈಹಿಡಿದು ವಿದ್ಯೆಯ ದಾರಿಗೆ ಹಚ್ಚಿದುದು ಅವರ ದೊಡ್ಡ ಕಾರ್ಯಗಳ ಸಾಲಿನಲ್ಲಿ ಚಿಕ್ಕದಾಗಿ ಕಾಣಬಹುದು. ಫಲವನ್ನು ನೋಡಿದರೆ ಅದು ಚಿಕ್ಕದಲ್ಲ.

ಗದಿಗಯ್ಯನು ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತವನ್ನು ಅಭ್ಯಸಿಸಿದನು. ಅನಂತರ ಗ್ವಾಲಿಯರ್ ಪರಂಪರೆಯ ನೀಲಕಂಠಬುವಾ ಮಿರಜಕರರಲ್ಲಿ ಹಿಂದುಸ್ತಾನಿ ಗಾಯನದ ಶಿಕ್ಷಣವಾಯಿತು. ಮುಂದೆ ಮಲ್ಲಿಕಾರ್ಜುನ ಮನಸೂರರಿಗೂ ಇದೇ ಬುವಾ ಅವರು ಗುರುಗಳಾದರು. ಎರಡು ಪದ್ಧತಿಗಳೂ ವಶವಾದುದರಿಂದ ಗದಿಗಯ್ಯನು ಪಂಚಾಕ್ಷರಿ ಗವಾಯಿಯಾಗಿ, ಉಭಯಗಾನ ವಿಶಾರದರೆಂಬ ಬಿರುದಿಗೆ ಪಾತ್ರರಾದರು. ಬಿರುದುಗಳು ನಾಡಿನಲ್ಲಿ ಅಗ್ಗವಾಗಿ ಹಂಚಿಹೋಗುವುದುಂಟು. ಈ ಬಿರುದು ಮಾತ್ರ ಅಕ್ಷರಶಃ ನಿಜವಾದುದು.

ಇಂಥ ಗಾಯಕರು ಸಂಸ್ಥಾನಿಕರ ಆಶ್ರಯವನ್ನೋ ಬೈಠಕುಗಳ ಸಂಭಾವನೆಯನ್ನೋ ನೆಚ್ಚಿ ಸುಖವಾಗಿರಬಹುದಾಗಿತ್ತು. ಗವಾಯಿಗಳವರು ಅದನ್ನು ಬಯಸಲಿಲ್ಲ. ಆಜನ್ಮ ಬ್ರಹ್ಮಚರ್ಯವನ್ನು ಕೈಕೊಂಡು, ತಮ್ಮಂತೆಯೇ ಕಣ್ಣಿಲ್ಲದವರಿಗೂ ದಿಕ್ಕಿಲ್ಲದವರಿಗೂ ಅನ್ನವನ್ನಿತ್ತು ಸಂಗೀತವನ್ನು ಕಲಿಸುವುದನ್ನೇ ವ್ರತವನ್ನಾಗಿ ಮಾಡಿಕೊಂಡರು. ಅವರ ಪಾಠಶಾಲೆಗೆ ಬಹುಕಾಲ ಗೋಡೆಗಳಿರಲಿಲ್ಲ. ಶಿಷ್ಯರೊಡನೆ ಊರಿಂದೂರಿಗೆ ಸಾಗುತ್ತಿತ್ತು. ಭಕ್ತರು ಕೊಟ್ಟಲ್ಲಿ ಊಟ, ಇಂಬಿತ್ತಲ್ಲಿ ಪಾಠ. ಪುಸ್ತಕವನ್ನು ನೋಡಲಾರದ ಗುರು, ನೋಡಲಾರದ ಶಿಷ್ಯ. ಆದುದರಿಂದ ಸ್ವರವು ಬಾಯಿಂದ ಕಿವಿಗೆ, ತಾಳವು ಕೈಯಿಂದ ಕೈಗೆ ಸಾಗಬೇಕಾಗಿತ್ತು. ನೂರು ಸಲ ಹೇಳಿಸಿದರೂ ಬೇಸರಿಸದ ಗುರುವಿಲ್ಲದೆ ಇಂಥ ವಿದ್ಯೆ ನಿಲ್ಲದು.

1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದರು. ಹಿಂದಿನ ಆಸರೆ ತಪ್ಪಿತು. ಉಣ್ಣುವ ಬಾಯಿಗಳು ಮಾತ್ರ ಕಡಿಮೆಯಾಗಲಿಲ್ಲ. ಆಶ್ರಮದ ನಿರ್ವಾಹಕ್ಕಾಗಿ ಗುರುವಿನ ಹೆಸರನ್ನೇ ಹೊತ್ತು ಒಂದು ನಾಟಕ ಮಂಡಳಿಯೂ ನಡೆಯಿತು. ವಿರಕ್ತರ ನೆರಳಿನಲ್ಲಿ ಬೆಳೆದವರಿಗೆ ಬಣ್ಣದ ವೇಷದ ಸಂಗವೇಕೆಂದು ಮೂಗು ಮುರಿಯಬಹುದು. ಆದರೆ ಟಿಕೀಟಿನ ದುಡ್ಡಿನಿಂದ ಅನಾಥ ಬಾಲಕನೊಬ್ಬನ ತಟ್ಟೆಗೆ ರೊಟ್ಟಿ ಬೀಳುವುದಾದರೆ ರಂಗಭೂಮಿಗೆ ಅದಕ್ಕಿಂತ ದೊಡ್ಡ ಪಾವಿತ್ರ್ಯ ಯಾವುದು? ಮೇಲಾಗಿ, ಶುದ್ಧ ರಾಗವನ್ನು ಸಾಮಾನ್ಯನ ಕಿವಿಗೆ ಮುಟ್ಟಿಸಿದವುಗಳಲ್ಲಿ ನಾಟಕದ ಪದಗಳಿಗೆ ಹಿರಿಯ ಸ್ಥಾನವುಂಟು. ಕಚೇರಿಯ ಬಾಗಿಲನ್ನು ಕಾಣದ ರೈತನೂ ಭೀಮಪಲಾಸವನ್ನು, ಹೆಸರು ತಿಳಿಯದೆಯೇ, ಈ ಪದಗಳಿಂದ ಬಲ್ಲವನಾದನು.

ಕೊನೆಗೆ ಗದಗಿನಲ್ಲಿ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ನೆಲೆ ದೊರೆಯಿತು. ದಾನಿಯ ಹೆಸರನ್ನು ಧರಿಸಿ ವೀರೇಶ್ವರ ಪುಣ್ಯಾಶ್ರಮವು ನಿಂತಿತು.

ಶಿಷ್ಯರಲ್ಲಿ ಅಗ್ರಗಣ್ಯರು ಪುಟ್ಟರಾಜ ಗವಾಯಿಗಳು. 1914ರಲ್ಲಿ ಹಾನಗಲ್ಲ ತಾಲೂಕಿನ ದೇವಗಿರಿಯಲ್ಲೇ ಹುಟ್ಟಿ ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಇವರು ಗಾಯನವಲ್ಲದೆ ಅನೇಕ ವಾದ್ಯಗಳನ್ನು ಕೈವಶಮಾಡಿಕೊಂಡರು; ಕಾವ್ಯವನ್ನೂ ನಾಟಕಗಳನ್ನೂ ಬರೆದರು. ಬಸವರಾಜ ರಾಜಗುರುಗಳ ಹದಿಹರೆಯದ ಕಂಠವನ್ನು ಮೆಚ್ಚಿ ಬಳಿಗೆ ಕರೆದುಕೊಂಡವರೂ ಪಂಚಾಕ್ಷರಿ ಗವಾಯಿಗಳೇ. ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಮೊದಲಾದವರೂ ಇದೇ ಗರಡಿಯವರು. 1950ರಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರವು ಆರಂಭವಾದ ಮೇಲೆ ರಾಜಗುರು, ಜಂಬಲದಿನ್ನಿಯವರ ಧ್ವನಿಯಲ್ಲಿ ವಚನಗಳು ಮನೆಮನೆಯನ್ನು ಹೊಕ್ಕವು. ಓಲೆಗರಿಯಲ್ಲಿಯೂ ಗ್ರಂಥದಲ್ಲಿಯೂ ಕುಳಿತಿದ್ದ ಶರಣರ ಮಾತು ರಾಗದ ರೆಕ್ಕೆಯನ್ನು ಪಡೆದುದು ಬಹುಮಟ್ಟಿಗೆ ಇಂಥ ಕಂಠಗಳಿಂದ. ಬೆಳಗಿನ ಜಾವದ ರೇಡಿಯೋದ ಮುಂದೆ ಹಾಲು ಕರೆಯುವ ಚೊಂಬನ್ನು ಹಿಡಿದೇ ನಿಂತು ಕೇಳಿದ ತಲೆಮಾರು ಮಲೆನಾಡಿನಲ್ಲಿ ಈಗ ವಿರಳವಾಗುತ್ತ ಬಂದಿದೆ.

ಆ ಕಾಲವನ್ನು ಗುರುಗಳು ಕಾಣಲಿಲ್ಲ. 1944ನೆಯ ಇಸವಿ ಜೂನ್ 11ರಂದು, ಐವತ್ತೆರಡನೆಯ ವಯಸ್ಸಿನಲ್ಲಿ, ಪಂಚಾಕ್ಷರಿ ಗವಾಯಿಗಳವರು ಲಿಂಗೈಕ್ಯರಾದರು. ಆಶ್ರಮದ ಭಾರವು ಮೂವತ್ತು ವರ್ಷದ ಪುಟ್ಟರಾಜರ ಹೆಗಲಿಗೆ ಬಂದಿತು. ಅವರು ಅದನ್ನು 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೆ, ಅರವತ್ತಾರು ವರ್ಷ, ಕೆಳಗಿಳಿಸದೆ ಹೊತ್ತರು. ಇದರ ನಡುವೆ ಗುರುಗಳ ಚರಿತ್ರೆಯು ಚಲನಚಿತ್ರವಾಯಿತು. 1995ನೆಯ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಅದರ ಸಂಗೀತಕ್ಕಾಗಿ ಹಂಸಲೇಖರೂ, ಹಾಡಿಗಾಗಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರೂ ಮನ್ನಣೆ ಪಡೆದರು. ಗದಗಿನ ಪುಣ್ಯಾಶ್ರಮದಲ್ಲಿ ಇಂದಿಗೂ ಕಣ್ಣಿಲ್ಲದ ಮಕ್ಕಳು ತಂಬೂರಿಯ ಶ್ರುತಿಗೆ ಕಂಠವನ್ನು ಕೂಡಿಸುತ್ತಾರೆ.